ತೌಡಮ್ಮ ಯಾರನ್ನೂ ಕ್ಷಮಿಸಲಿಲ್ಲ

ಹೋದ ವಾರ ಭದ್ರಾವತಿಯ ನ್ಯೂ ಟೌನಿನಲ್ಲಿ ನಮ್ಮ ಟೀಚರಮ್ಮನವರ ನೆನಪಿಗೆ ಒಂದು ಸಭೆ ನಡೆಯಿತು. ಮಾತನಾಡಿದ ಐವರಲ್ಲಿ ನಾಲ್ವರು ಅವರನ್ನು ಕ್ಷಮಾಗುಣದ ಮೂರ್ತಿ ಎಂದರು. ಐದನೆಯವರು ಹಸುವಿನಂಥ ಸ್ವಭಾವ ಎಂದರು. ನಾನು ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದೆ. ನನ್ನನ್ನು ಯಾರೂ ಮಾತಿಗೆ ಕರೆಯಲಿಲ್ಲ. ಕರೆದಿದ್ದರೆ, ನಾನು ಕಂಡ ಮನುಷ್ಯರಲ್ಲಿ ಇಷ್ಟು ನಿಷ್ಠೆಯಿಂದ ಹಗೆ ಸಾಧಿಸಿದವರು ಇನ್ನೊಬ್ಬರಿಲ್ಲ ಎಂದೇ ಹೇಳುತ್ತಿದ್ದೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂಬ ಹುಮ್ಮಸ್ಸಿನಲ್ಲಿ ಅವರ ಅತಿ ದೊಡ್ಡ ಗುಣವನ್ನೇ ಅಳಿಸಿಹಾಕಿದರಲ್ಲ ಎಂಬ ಸಿಟ್ಟಿಗೆ ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಶಿವಮೊಗ್ಗದ ಪೇಟೆ ಅವರಿಗೆ ಇಟ್ಟ ಹೆಸರು ತೌಡಮ್ಮ. ದನಕ್ಕೆ ಹಾಕುವ ಅಕ್ಕಿಯ ತೌಡು. ಆ ಹೆಸರು ಹೇಗೆ ಬಂತು ಎಂದು ಹೇಳಿದರೆ ಅವರ ಕಥೆಯ ಮುಕ್ಕಾಲು ಭಾಗ ಹೇಳಿದಂತೆಯೇ.

ಅವರು ನಮ್ಮ ಹೆಣ್ಣುಮಕ್ಕಳ ಶಾಲೆಗೆ ಬಂದಾಗ ನನಗೆ ಹದಿಮೂರು ವರ್ಷ. ನನ್ನ ತಂದೆ ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅಲ್ಲಿ ಮುಂದಿನ ತರಗತಿಗಳಿಲ್ಲ ಎಂದು ನನ್ನನ್ನು ಶಿವಮೊಗ್ಗದಲ್ಲಿ ಚಿಕ್ಕಪ್ಪನ ಮನೆಯಲ್ಲಿ ಬಿಟ್ಟಿದ್ದರು. ಶಾಲೆಯ ವೇಳಾಪಟ್ಟಿಯಲ್ಲಿ ವಾರಕ್ಕೆ ಮೂರು ಗಂಟೆ ಗೃಹಕೃತ್ಯ ಎಂಬ ಪಾಠವಿತ್ತು. ಅಂದರೆ ಕಸೂತಿ, ಲೇಸು ಹೆಣೆಯುವುದು, ಹಪ್ಪಳ ಒತ್ತುವುದು. ಒಳ್ಳೆಯ ಸಂಬಂಧ ಕುದುರಲಿ ಎಂದು ಇಟ್ಟಿದ್ದ ಪಾಠ ಅದು. ಹೊಸ ಟೀಚರು ಮದರಾಸಿನಲ್ಲಿ ತರಬೇತಿಯಾಗಿ ಬಂದವರಂತೆ ಎಂದು ಕೇಳಿ, ಹೊಸ ನಮೂನೆಯ ಲೇಸು ಕಲಿಯಬಹುದು ಎಂದು ನಾವೆಲ್ಲ ಕಾದಿದ್ದೆವು.

ಕುಳ್ಳಗೆ, ಗಟ್ಟಿ ದನಿಯ ಹೆಂಗಸು. ಮೊದಲ ದಿನ ಬಂದವರೇ ನಮ್ಮನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕೆಳರೆಪ್ಪೆಯನ್ನು ಹೆಬ್ಬೆರಳಿಂದ ಎಳೆದು ನೋಡಿದರು. ಇಪ್ಪತ್ತೆರಡು ಜನರಲ್ಲಿ ಹದಿನೇಳು ಜನರ ಮೈಯಲ್ಲಿ ರಕ್ತವಿಲ್ಲ ಎಂದು ಬೋರ್ಡಿನ ಮೇಲೆ ಬರೆದರು. ಆ ಹೆಬ್ಬೆರಳು ಕೊನೆಯವರೆಗೂ ಸುಮ್ಮನೆ ಕೂರಲಿಲ್ಲ. ಶಾಲೆಯ ವಾರ್ಷಿಕೋತ್ಸವದ ದಿನ ಬಹುಮಾನ ಹಂಚಲು ಬಂದ ಶಾಲಾ ಕಮಿಟಿಯ ಅಧ್ಯಕ್ಷರ ಹೆಂಡತಿಗೆ ಹಾರ ಹಾಕಿ, ಹಾಗೇ ಆಕೆಯ ಕಣ್ಣಿನ ರೆಪ್ಪೆಯನ್ನೂ ಎಳೆದು ನೋಡಿ, ಸ್ವಾಗತದ ಹಾಡು ಹಾಡುತ್ತಿದ್ದ ಹುಡುಗಿಯರೆದುರೇ, ಇವರಿಗೆ ಸೊಪ್ಪು ತಿನ್ನಿಸಬೇಕು ಎಂದಿದ್ದರು.

ಎರಡನೆಯ ವಾರ ಗೋಡೆಯ ಮೇಲೆ ಪ್ರಪಂಚದ ನಕ್ಷೆ ಬಂತು. ಹಳೆಯ ಬೆಡ್‌ಶೀಟಿನ ಮೇಲೆ ಅವರೇ ಬರೆದದ್ದು. ಗೃಹಕೃತ್ಯಕ್ಕೂ ನಕ್ಷೆಗೂ ಏನು ಸಂಬಂಧ ಎಂದು ಹೆಡ್‌ಮಿಸ್ಟ್ರೆಸ್ ಕೇಳಿದ್ದಕ್ಕೆ ಅವರು ಉತ್ತರ ಕೊಡಲಿಲ್ಲ. ನಮಗೆ ಮಾತ್ರ ಹೇಳಿದರು:

"ಮನೆ ಅಂದ್ರೆ ನಾಲ್ಕು ಗೋಡೆ ಅಲ್ಲ ಕಣ್ರೇ. ನಿಮ್ಮ ಬಾವಿ, ಪಕ್ಕದ ಮನೆ ಬಚ್ಚಲು, ಹಿತ್ತಲ ತಿಪ್ಪೆ, ಹೊಳೆ, ಎಲ್ಲಾ ಮನೇನೇ. ಹಡಗಲ್ಲಿ ಬರೋ ಕಾಯಿಲೆ ಬಾಗಿಲು ತಟ್ಟಿ ಕೇಳಲ್ಲ. ಒಲೆ ಮುಂದೆ ಕೂತೋಳಿಗೆ ಈ ನಕ್ಷೆ ಗೊತ್ತಿರಬೇಕು."

ಹಾಗೆ ಶುರುವಾಯಿತು. ನಮ್ಮ ಊರಿನ ಚಳಿಜ್ವರ ಇನ್ನೆಲ್ಲಿ ಇದೆ, ಅಲ್ಲಿನವರು ಅದಕ್ಕೆ ಏನು ಮಾಡಿದರು. ಬರಿಗಾಲಲ್ಲಿ ನಡೆಯುವವರ ಹೊಟ್ಟೆಗೆ ಹುಳು ಸೇರುವುದು ಯಾವ ಯಾವ ದೇಶದಲ್ಲಿ. ಪ್ರತಿ ಪಾಠ ಮುಗಿದಾಗ ಆ ಕಾಯಿಲೆ ಇರುವ ಕಡೆಯೆಲ್ಲ ಒಂದೊಂದು ಕೆಂಪು ಗುಂಡಿ ಹೊಲಿಯಬೇಕು. ನಮ್ಮ ಕಸೂತಿ ಅಷ್ಟೇ. ಶಿವಮೊಗ್ಗ ಇರುವ ಜಾಗದಲ್ಲಿ ಗುಂಡಿಗಳು ಒಂದರ ಮೇಲೊಂದು ಕೂತು ಅಲ್ಲಿ ಬಟ್ಟೆಯೇ ಜೋತುಬಿದ್ದಿತ್ತು.

ಅಕ್ಕಿಯ ಪಾಠ ಬಂದದ್ದು ಎರಡನೆಯ ವರ್ಷ. ಪೂರ್ವದ ಕಡಲಿನ ದ್ವೀಪಗಳಲ್ಲಿ ಮಿಲ್ಲು ಬಂದು ಅಕ್ಕಿ ಬೆಳ್ಳಗಾದ ಮೇಲೆ ಜನರ ಕಾಲು ಊದತೊಡಗಿತು, ಎಳೆ ಕೂಸುಗಳು ಸಾಯತೊಡಗಿದವು ಎಂದರು. ತಾಯಿ ನೋಡಲು ಚೆನ್ನಾಗಿಯೇ ಇರುತ್ತಾಳೆ. ಎರಡು ಮೂರು ತಿಂಗಳ ಮಗು ಹಾಲು ಕುಡಿಯುತ್ತಲೇ ಇರುತ್ತದೆ. ಒಂದು ದಿನ ಅದರ ದನಿ ಹೋಗುತ್ತದೆ. ಬಾಯಿ ಅಗಲಿಸಿ ಅಳುತ್ತದೆ, ಸದ್ದು ಬರುವುದಿಲ್ಲ. ಆಮೇಲೆ ಮೈ ನೀಲಿಗಟ್ಟಿ ಹೋಗಿಬಿಡುತ್ತದೆ. ಮಿಲ್ಲು ಉಜ್ಜಿ ಹೊರಗೆ ಎಸೆಯುವ ತೌಡಿನಲ್ಲೇ ಅದಕ್ಕೆ ಮದ್ದಿದೆ. ತೌಡನ್ನು ನೆನೆಸಿ, ಸೋಸಿ, ಸಣ್ಣ ಉರಿಯಲ್ಲಿ ಇಂಗಿಸಿದ ರಸವನ್ನು ಹನಿ ಹನಿ ಕೊಟ್ಟರೆ ಮಗು ತಿರುಗಿ ಬರುತ್ತದೆ.

ನಾವು ಇದನ್ನೂ ದೂರದ ದ್ವೀಪದ ಕಥೆಯೆಂದೇ ಕೇಳುತ್ತಿದ್ದೆವು. ಅದಕ್ಕೇ ಇರಬೇಕು, ಒಂದು ಶನಿವಾರ ಟೀಚರಮ್ಮ ದೊಡ್ಡ ಹುಡುಗಿಯರಲ್ಲಿ ಎಂಟು ಜನರನ್ನು ರೈಲಿನಲ್ಲಿ ಭದ್ರಾವತಿಗೆ ಕರೆದುಕೊಂಡು ಹೋದರು. ಕೂಲಿಕಾರರ ಸಾಲುಮನೆಗಳಲ್ಲಿ ತೆಲುಗು, ತಮಿಳು ಮಾತನಾಡುವ ತಾಯಂದಿರಿಗೆ ನಾವು ಎರಡೇ ಪ್ರಶ್ನೆ ಕೇಳಬೇಕು. ಬಾಣಂತನದಲ್ಲಿ ಏನು ತಿಂದಿರಿ? ಎಷ್ಟು ಮಕ್ಕಳು ಹೋದವು? ನಾನು ಆ ಸಾಲುಗಳ ಪಕ್ಕದಲ್ಲೇ ಹುಟ್ಟಿ ಬೆಳೆದವಳು, ಆದರೂ ಯಾರನ್ನೂ ಅದನ್ನು ಕೇಳಿರಲಿಲ್ಲ. ಒಬ್ಬ ತಾಯಿ ನನ್ನೆದುರು ಬಾಯಿ ಅಗಲಿಸಿ, ಸದ್ದಿಲ್ಲದೆ ಅತ್ತು ತೋರಿಸಿದಳು. ಅವಳ ಮಗು ಹೇಗೆ ಹೋಯಿತು ಎಂದು ಹೇಳಲು ಅವಳಿಗೆ ಕನ್ನಡ ಬರುತ್ತಿರಲಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ಟೀಚರಮ್ಮ ಕಿಟಕಿಯ ಕಡೆ ನೋಡುತ್ತಲೇ ತಮ್ಮ ಕಥೆ ಹೇಳಿದರು. ಅವರಿಗೂ ಒಂದು ಹೆಣ್ಣುಮಗು ಇತ್ತು. ಗಂಡನ ಮನೆಯಲ್ಲಿ ಮೂರು ತಿಂಗಳು ಬಿಳಿ ಅನ್ನ, ಮೆಣಸಿನ ಸಾರು ಬಿಟ್ಟು ಬೇರೇನೂ ಕೊಡಲಿಲ್ಲ. ಬಾಣಂತಿ ಪಥ್ಯ. ಮಗುವಿನ ದನಿ ಹೋದಾಗ ಅತ್ತೆ ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟರು. ಮಾರನೆಯ ದಿನ ಮಗು ಹೋಯಿತು. ತಾಯಿಯ ದೋಷ ಎಂದು ಮನೆಯವರು ತೀರ್ಮಾನಿಸಿದರು. ಅವರು ಆ ಮನೆ ಬಿಟ್ಟರು, ಓದಿದರು. ನಾಲ್ಕು ವರ್ಷದ ಮೇಲೆ ಮದರಾಸಿನ ತರಗತಿಯಲ್ಲಿ ಒಬ್ಬ ಲೇಡಿ ಡಾಕ್ಟರು ಆ ದ್ವೀಪಗಳ ಕೂಸುಗಳ ಬಗ್ಗೆ ಹೇಳುತ್ತಿದ್ದಾಗ ಇವರು ಎದ್ದು ಹೊರಗೆ ಹೋಗಿ ವಾಂತಿ ಮಾಡಿಕೊಂಡರಂತೆ.

"ಅಳೋದು ಕಾಣ್ತಿತ್ತು, ಕೇಳ್ತಿರ್ಲಿಲ್ಲ," ಎಂದರು. "ನಾನು ನಿಮಗೆ ಪಾಠ ಹೇಳ್ತಿದೀನಿ ಅಂದ್ಕೊಂಡಿದೀರಾ? ಸೇಡು ತೀರಿಸ್ಕೊಳ್ತಿದೀನಿ. ನೀವು ಎಂಟು ಜನ ಎಂಟು ಅತ್ತೆಮನೇಗೆ ಹೋಗ್ತೀರಲ್ಲ, ಅಲ್ಲೆಲ್ಲ ನಾನು ಹೋದ ಹಾಗೆ."

ಆ ಎಂಟು ಜನರಲ್ಲಿ ಸರೋಜ ಒಬ್ಬಳು. ನನ್ನ ಪಕ್ಕದಲ್ಲೇ ಕೂರುತ್ತಿದ್ದವಳು. ಅವಳ ತಂದೆ ಊರಿನ ದೊಡ್ಡ ಅಕ್ಕಿ ಮಿಲ್ಲಿನ ಸಾಹುಕಾರರು, ನಮ್ಮ ಶಾಲೆಯ ಕಮಿಟಿಯ ಅಧ್ಯಕ್ಷರೂ ಅವರೇ. ಭದ್ರಾವತಿಯ ಸಾಲುಮನೆಗಳ ಹತ್ತಿರವೂ ಅವರದೊಂದು ಅಂಗಡಿ ಇತ್ತು. ಮಿಲ್ಲಿನ ಅಕ್ಕಿ ಅಲ್ಲಿಗೆ ಮೂಟೆಗಟ್ಟಲೆ ಹೋಗುತ್ತಿತ್ತು. ಸರೋಜ ಆ ಸಂಜೆ ಊಟಕ್ಕೆ ಕೂತು, ಅಪ್ಪಯ್ಯ, ನಮ್ಮ ಅಕ್ಕಿ ತಿಂದು ಮಕ್ಕಳು ಸಾಯ್ತಾವಂತೆ ಎಂದಳು. ತುಂಬ ಮುಗ್ಧವಾಗಿಯೇ ಹೇಳಿದಳು ಎಂದು ನಾನು ನಂಬುತ್ತೇನೆ.

ಮುಂದಿನ ಸೋಮವಾರದ ಹೊತ್ತಿಗೆ ಈಗ ಗಾಂಧಿ ಬಜಾರ್ ಎನ್ನುವ ಪೇಟೆಯ ತುಂಬ ಸುದ್ದಿ ಹಬ್ಬಿತ್ತು. ಶಾಲೆಯಲ್ಲಿ ಒಬ್ಬಳು ತೌಡು ಕುಟ್ಟುತ್ತಿದ್ದಾಳಂತೆ, ಹೆಣ್ಣುಮಕ್ಕಳಿಗೆ ದನದ ಮೇವು ತಿನ್ನಲು ಹೇಳುತ್ತಾಳಂತೆ ಎಂದು ಸಾಹುಕಾರರು ಗದ್ದಿಗೆಯ ಮೇಲೆ ಕೂತು ನಕ್ಕರು, ಕೇಳಿದವರೂ ನಕ್ಕರು. ತೌಡಮ್ಮ ಎಂಬ ಹೆಸರು ಬಿದ್ದದ್ದು ಆಗಲೇ. ಟೀಚರಮ್ಮ ಬೀದಿಯಲ್ಲಿ ಬಂದರೆ ಜವಳಿ ಅಂಗಡಿಯ ಜಗಲಿಯ ಮೇಲೆ ಕೂತವರು ಅಂಬಾ ಎನ್ನುತ್ತಿದ್ದರು. ಟೀಚರಮ್ಮ ನಿಂತು, ಅಂಬಾ ಎಂದವರ ಮುಖಗಳನ್ನು ಒಂದೊಂದಾಗಿ ನೋಡಿಕೊಂಡು ಹೋಗುತ್ತಿದ್ದರು. ಆಮೇಲೆ ಆ ಸಾಲಿನ ಅಂಗಡಿಗಳಲ್ಲಿ ಅವರು ಒಂದು ಉಂಡೆ ದಾರವನ್ನೂ ಕೊಳ್ಳಲಿಲ್ಲ. ಹದಿನೈದು ವರ್ಷದ ಮೇಲೂ ಶಿವಮೊಗ್ಗಕ್ಕೆ ಬಂದರೆ ಸುತ್ತು ಹಾಕಿಕೊಂಡು ಬೇರೆ ಬೀದಿಯಲ್ಲಿ ಹೋಗುತ್ತಿದ್ದರು. ಹೋಗಲಿ ಬಿಡಿ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ.

ನಗುವಿನಿಂದ ಸಾಹುಕಾರರ ಸಿಟ್ಟು ಇಳಿಯಲಿಲ್ಲ. ಮದುವೆಯಾಗದ ಹುಡುಗಿಯರೆದುರು ಹೆರಿಗೆ ಬಾಣಂತನದ ಮಾತಾಡುತ್ತಾಳೆ, ಕಂಡಕಂಡ ಮನೆಗಳಿಗೆ ನುಗ್ಗಿಸುತ್ತಾಳೆ, ಹಿರಿಯರ ಪಥ್ಯವನ್ನು ಹೀಯಾಳಿಸುತ್ತಾಳೆ ಎಂದು ಒಂದು ದೂರು ತಯಾರಾಯಿತು. ಅದಕ್ಕೆ ವಿದ್ಯಾರ್ಥಿನಿಯರ ಸಹಿ ಬೇಕಿತ್ತು. ನನ್ನ ಚಿಕ್ಕಪ್ಪ ಆ ಮಿಲ್ಲಿನಲ್ಲಿ ಗುಮಾಸ್ತೆ. ಕಾಗದವನ್ನು ಅವರೇ ಮನೆಗೆ ತಂದರು, ಪೆನ್ನನ್ನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿ ನಿಂತರು. ದೂರಿನ ಕೆಳಗೆ ಮೊದಲ ಸಹಿ ನನ್ನದು.

ಕೆಲಸ ಉಳಿಯಬೇಕಾದರೆ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರು, ಅಕ್ಕಿಯ ಬಗ್ಗೆ ಹೇಳಿದ್ದು ಸುಳ್ಳು ಎಂದು ಟೀಚರಮ್ಮ ಒಪ್ಪಿಕೊಳ್ಳಬೇಕು ಎಂದು ಕಮಿಟಿ ತೀರ್ಮಾನಿಸಿತು. ಸಾಹುಕಾರರು ಜರಿ ಪೇಟ ಸುತ್ತಿಕೊಂಡು ಕೇಳಲು ಬಂದು ಕೂತರು. ಟೀಚರಮ್ಮ ವೇದಿಕೆ ಹತ್ತಿ, ಕೊಟ್ಟ ಕಾಗದವನ್ನು ಒಮ್ಮೆ ಓದಿಕೊಂಡರು. ನಾನು ಹೇಳಿಕೊಟ್ಟಿದ್ದು ಸುಳ್ಳು ಅಂತ ಹೇಳು ಅಂತ ನನಗೆ ಹೇಳಿದ್ದಾರೆ, ಹಾಗೆ ಹೇಳಿದ್ದಾರೆ ಅನ್ನೋದು ಮಾತ್ರ ನಿಜ ಎಂದರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸಾಹುಕಾರರ ತೊಡೆಯ ಮೇಲಿಟ್ಟು ಹೊರಟುಹೋದರು. ಗೋಡೆಯ ನಕ್ಷೆಯನ್ನು ಆ ಮಧ್ಯಾಹ್ನವೇ ಇಳಿಸಿ, ಗುಂಡಿ ಕಿತ್ತು, ಬೆಂಚು ಒರೆಸಲು ಕೊಟ್ಟರು.

ಅವರು ಭದ್ರಾವತಿಗೆ ಹೋಗಿ, ಹಳೇ ಊರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದರು. ರವಿಕೆ ಹೊಲಿದು ಜೀವನ. ಮಧ್ಯಾಹ್ನ ಸಾಲುಮನೆಗಳ ಹೆಂಗಸರನ್ನು ಕೂರಿಸಿಕೊಂಡು ಅದೇ ಗೃಹಕೃತ್ಯದ ಪಾಠ, ಮುರುಕು ತೆಲುಗು, ಮುರುಕು ತಮಿಳಿನಲ್ಲಿ. ಭತ್ತ ಕುಟ್ಟುವ ಹೆಂಗಸರಿಂದ ತಾಜಾ ತೌಡು ತಂದು ರಸ ಕಾಯಿಸಿ ಬಾಟಲಿಗಳಲ್ಲಿ ತುಂಬಿಡುತ್ತಿದ್ದರು. ಕಂದು ಬಣ್ಣದ, ಜೋನಿಬೆಲ್ಲದಷ್ಟು ಮಂದವಾದ ರಸ.

ಎರಡು ವರ್ಷ ನಾನು ಅವರ ಮುಖ ನೋಡಲಿಲ್ಲ. ರಜೆಗೆ ಭದ್ರಾವತಿಗೆ ಹೋದಾಗ ಅವರ ಬೀದಿ ತಪ್ಪಿಸಿ ಓಡಾಡುತ್ತಿದ್ದೆ. ಕೊನೆಗೆ ತಡೆಯಲಾರದೆ ಹೋಗಿ ಬಾಗಿಲಲ್ಲಿ ನಿಂತೆ. ಕ್ಷಮಿಸಿ ಎಂದೆ. ಅವರು ಮಿಷನ್ನಿನ ಪೆಡಲು ನಿಲ್ಲಿಸದೆ, ಅದು ನನ್ನ ಹತ್ತಿರ ಇಲ್ಲ ಎಂದರು. ನಾನು ಅಳುತ್ತಾ ನಿಂತೇ ಇದ್ದೆ. ರವಿಕೆಯ ತೋಳು ಮುಗಿಸಿ ದಾರ ಕತ್ತರಿಸಿದ ಮೇಲೆ ತಲೆ ಎತ್ತಿದರು.

"ಕ್ಷಮೆ ಇಲ್ಲ, ಶಿಕ್ಷೆ ಇದೆ. ಬೇಕಾದ್ರೆ ಒಳಗೆ ಬಾ," ಎಂದರು.

ಶಿಕ್ಷೆ ಏನೆಂದರೆ ಬೆಂಗಳೂರಿಗೆ ಹೋಗಿ ಸೂಲಗಿತ್ತಿ ಕೆಲಸ ಕಲಿಯುವುದು. ಸಹಿ ಹಾಕಿದ ಕೈಯಿಂದಲೇ ಮಕ್ಕಳನ್ನು ಎತ್ತಬೇಕು, ಸುಸ್ತಾಗುವವರೆಗೆ ಎತ್ತಬೇಕು ಎಂದರು. ಅರ್ಜಿಯನ್ನು ಅವರೇ ಬರೆದರು. ನನ್ನ ತಂದೆಯ ಹತ್ತಿರ ಮೂರು ಸಲ ಬಂದು ಜಗಳವಾಡಿ ಒಪ್ಪಿಸಿದರು. ನಾನು ಮದುವೆಯಾಗಲಿಲ್ಲ. ತರಬೇತಿ ಮುಗಿಸಿ ಶಿವಮೊಗ್ಗದ ಹೆರಿಗೆ ಆಸ್ಪತ್ರೆಗೆ ಬಂದೆ. ತಿಂಗಳಿಗೊಮ್ಮೆ ಭದ್ರಾವತಿಗೆ ಹೋಗಿ ಲೆಕ್ಕ ಒಪ್ಪಿಸುವವಳಂತೆ ಎಲ್ಲ ಹೇಳಬೇಕಿತ್ತು. ಮೆಚ್ಚುಗೆ ಎಂದೂ ಸಿಗಲಿಲ್ಲ. ಬರುವಾಗ ಒಂದು ಬಾಟಲಿ ರಸ ಕೊಡುತ್ತಿದ್ದರು. ಅದು ಸದಾ ನನ್ನ ಚೀಲದಲ್ಲಿ ಇರುತ್ತಿತ್ತು.

ಯುದ್ಧದ ಕಾಲ. ಒಂದು ಬೆಳಿಗ್ಗೆ ಸಾಹುಕಾರರ ಮನೆಯ ಕೆಲಸದಾಕೆ ಆಸ್ಪತ್ರೆಗೆ ಓಡಿ ಬಂದಳು. ಸರೋಜಮ್ಮನವರು ಹೇಳಿ ಕಳಿಸಿದ್ದಾರೆ, ಒಂದು ಮಾತು ಮಾತ್ರ ಹೇಳು ಅಂದರು ಎಂದಳು. ಆ ಮಾತು, ಮಗು ಅಳೋದು ಕೇಳ್ತಿಲ್ಲ ಎಂಬುದು.

ಸರೋಜ ಬಾಣಂತನಕ್ಕೆ ತವರಿಗೆ ಬಂದದ್ದು ನನಗೆ ಗೊತ್ತಿತ್ತು. ಹೋಗಿ ನೋಡಿದೆ. ಕತ್ತಲೆ ಕೋಣೆ, ಕೆಂಡದ ಬೋಗುಣಿ, ಬಿಳಿ ಅನ್ನ ಮೆತ್ತಿದ ತಟ್ಟೆ. ಎರಡೂವರೆ ತಿಂಗಳ ಗಂಡುಮಗು ಅವಳ ತೊಡೆಯ ಮೇಲೆ ಬಾಯಿ ಅಗಲಿಸಿ, ಮುಖ ಕೆಂಪಗೆ ಮಾಡಿಕೊಂಡು, ಒಂದಿಷ್ಟೂ ಸದ್ದಿಲ್ಲದೆ ಅಳುತ್ತಿತ್ತು. ತುಟಿಯ ಸುತ್ತ ನೀಲಿ ಇಳಿಯತೊಡಗಿತ್ತು. ಡಾಕ್ಟರು ಬಂದು, ಹೃದಯ ದುರ್ಬಲ, ದೇವರ ಇಚ್ಛೆ ಎಂದು ಹೇಳಿ ಹೋಗಿದ್ದರು. ಸರೋಜ ನನ್ನ ಕೈ ಹಿಡಿದುಕೊಂಡಳು. ನಾನು ಹೇಳ್ದೆ ಕಣೇ, ಸೊಪ್ಪು ಬೇಳೆ ಕೊಡಿ ಅಂದೆ, ಯಾರೂ ಕೇಳ್ಲಿಲ್ಲ ಎಂದಳು.

ಸಾಹುಕಾರರು ಬಾಗಿಲಲ್ಲಿ ನಿಂತಿದ್ದರು. ಮುದುಕರಾಗಿದ್ದರು. ಏನಾದರೂ ಮಾಡೋಕಾಗುತ್ತಾ ಎಂದು ನನ್ನನ್ನು ಕೇಳಿದರು. ನಾನು ಯಾರ ಶಿಷ್ಯೆ ಎಂದು ಅವರಿಗೆ ಗೊತ್ತಿತ್ತು.

ಬಾಟಲಿ ನನ್ನ ಚೀಲದಲ್ಲಿತ್ತು. ಅದನ್ನು ನಾನು ತೆಗೆಯಲಿಲ್ಲ. ತೌಡು ಬೇಕು ಎಂದೆ. ಅವರು ಆಳನ್ನು ಕೂಗಿದರು. ಆಳು ಬೇಡ, ನೀವೇ ಹೋಗಿ ತನ್ನಿ ಎಂದೆ. ಅವರು ನನ್ನನ್ನೇ ನೋಡಿದರು. ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಹೊರಟರು. ಮನೆಯ ಹಿಂದಿನ ಅಂಗಳ ದಾಟಿದರೆ ಮಿಲ್ಲು. ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಮಂಡಿನೋವಿನ ಮುದುಕ ಮೆಟ್ಟಿಲು ಹಿಡಿದು ಇಳಿದದ್ದು, ಕೂಲಿಯವರು ಕೆಲಸ ನಿಲ್ಲಿಸಿ ನೋಡಿದ್ದು, ತೌಡಿನ ರಾಶಿಯ ಮುಂದೆ ಮಂಡಿಯೂರಿ ಜರಿಯಂಚಿನ ಶಲ್ಯದಲ್ಲಿ ಎರಡೂ ಕೈಯಿಂದ ತುಂಬಿಕೊಂಡದ್ದು. ನಾನು ನೋಡುತ್ತಾ ನಿಂತೆ. ನನ್ನ ಬೆನ್ನ ಹಿಂದೆ ಮಗು ಸದ್ದಿಲ್ಲದೆ ಅಳುತ್ತಿತ್ತು. ಅವರು ಹೋಗಿ ಬರಲು ಕಾಲು ಗಂಟೆ ಹಿಡಿಯಿತು.

ಗಂಟು ನನ್ನ ಮುಂದಿಟ್ಟು ಸಾಹುಕಾರರು ಏದುಸಿರು ಬಿಡುತ್ತಾ ಗೋಡೆಗೆ ಒರಗಿದರು. ಇನ್ನೂ ಒಂದು ಉಳಿದಿದೆ ಎಂದೆ. ಅವರಿಗೆ ಅರ್ಥವಾಯಿತು. ಮಗಳ ಕಡೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು:

"ಅಕ್ಕಿ ಬಗ್ಗೆ ಅವಳು ಹೇಳಿದ್ದು ನಿಜ."

"ಅವಳು ಅಲ್ಲ. ಅವರು," ಎಂದೆ.

"ಅವರು ಹೇಳಿದ್ದು ನಿಜ."

ಚೀಲ ಬಿಚ್ಚಿ ಬಾಟಲಿ ತೆಗೆದೆ. ಬತ್ತಿಯನ್ನು ರಸದಲ್ಲಿ ಅದ್ದಿ ಮಗುವಿನ ನಾಲಗೆಗೆ ಹನಿ ಹನಿ ಬಿಟ್ಟೆ. ಸಾಹುಕಾರರು ಬಾಟಲಿಯನ್ನು ನೋಡಿದರು, ತಾವು ತಂದ ಗಂಟನ್ನು ನೋಡಿದರು. ಅವರು ತಂದ ತೌಡನ್ನು ಜರಡಿ ಹಿಡಿದು ಸರೋಜಳಿಗೆ ಗಂಜಿ ಮಾಡಿಸಿದೆ. ಸಂಜೆಗೆ ಮಗುವಿನ ಉಸಿರು ಹದಕ್ಕೆ ಬಂತು, ತುಟಿಯ ನೀಲಿ ಕರಗಿತು. ಮೂರನೆಯ ದಿನ ಅದು ಅತ್ತದ್ದು ಬೀದಿಯವರೆಗೂ ಕೇಳಿಸಿತು.

ಆ ಭಾನುವಾರ ಭದ್ರಾವತಿಗೆ ಹೋದೆ. ಟೀಚರಮ್ಮ ಹೊಲಿಗೆ ಬಿಟ್ಟು, ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಕೇಳಿದರು. ಶಲ್ಯ ಯಾವ ಬಣ್ಣದ್ದು ಎಂದು ವಿಚಾರಿಸಿದರು. ಮಿಲ್ಲಿನಲ್ಲಿ ಎಷ್ಟು ಜನ ನೋಡುತ್ತಿದ್ದರು, ಅವರಲ್ಲಿ ಯಾರಾದರೂ ನಕ್ಕರೋ ಎಂದು ಕೇಳಿದರು. 'ಅವರು' ಎಂದದ್ದನ್ನು ಎರಡು ಸಲ ಹೇಳಿಸಿಕೊಂಡರು. ಅಷ್ಟು ವರ್ಷಗಳಲ್ಲಿ ಅವರ ಮುಖ ಹಾಗೆ ಅರಳಿದ್ದನ್ನು ನಾನು ಕಂಡಿರಲಿಲ್ಲ.

ಆದರೆ ಬಾಟಲಿಯ ವಿಷಯವನ್ನು ನಾನು ಬಿಟ್ಟು ಹೇಳಿದ್ದೆ. ಕೊನೆಗೆ ಅದನ್ನೂ ಹೇಳಿದೆ. ಮದ್ದು ಕೈಯಲ್ಲೇ ಇತ್ತು, ಮಗು ಬಾಯಿ ತೆರೆದು ಕಾಯುತ್ತಿತ್ತು, ನಾನು ಕಾಲು ಗಂಟೆ ಕಿಟಕಿಯಲ್ಲಿ ನಿಂತಿದ್ದೆ ಎಂದೆ. ಆ ಕಾಲು ಗಂಟೆಯಲ್ಲಿ ಅದು ಹೋಗಿಬಿಟ್ಟಿದ್ದರೆ ಎಂದು ಕೇಳುವಷ್ಟು ಧೈರ್ಯ ಬರಲಿಲ್ಲ.

ಅವರು ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡೆ. ಕನ್ನಡಕವನ್ನು ಸೆರಗಿನಿಂದ ಒರೆಸಿದರು, ಹಾಕಿಕೊಳ್ಳಲಿಲ್ಲ.

"ನಾನಾಗಿದ್ರೆ ಅರ್ಧ ಗಂಟೆ ನಿಲ್ಲಿಸ್ತಿದ್ದೆ," ಎಂದರು. "ಮಗು ಉಳೀತಿರಲಿಲ್ಲ. ನನ್ನನ್ನ ಕರೀದೆ ನಿನ್ನ ಕರೆದಿದ್ದು ಆ ಕೂಸಿನ ಪುಣ್ಯ ಮಾರಾಯ್ತಿ."

ಆಮೇಲೆ ನನ್ನ ಕಡೆಗೆ ಸರಿದು ಕೂತರು. ಮಂಡಿಯೂರಿದ ಕಡೆಯಿಂದ ಇನ್ನೊಂದು ಸಲ ಹೇಳು ಎಂದರು. ನಾನು ಹೇಳಿದೆ.